ಕೆನ್ನೆಯ ಕಾವು

ನಮ್ಮ ಮಾವ ದೊಡ್ಡಮಾದಯ್ಯನವರು ಥರ್ಮಾಮೀಟರ್ ನೋಡುತ್ತಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಿನಲ್ಲಿ ಅಂಗೈ ಅಗಲದ ಒಂದು ಕಿಂಡಿ ಇರುತ್ತದೆ. ಅದರ ಹಲಗೆ ಸರಿಸಿ, ಎಡಗೆನ್ನೆ ಒಡ್ಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ಗಾಳಿ ಬಂದು ಕೆನ್ನೆಗೆ ತಾಕುತ್ತಿತ್ತು. ಆಮೇಲೆ ಹಲಗೆ ಮುಚ್ಚಿ, "ಇನ್ನೊಂದ್ ಕೊಳ್ಳಿ ಆಕು" ಎನ್ನುವರು, ಇಲ್ಲವೇ "ಆಚೆಗೆಳಿ" ಎನ್ನುವರು. ಅಷ್ಟೇ. ಯಾರೂ ಎದುರು ಮಾತಾಡುತ್ತಿರಲಿಲ್ಲ.

ಕಂಪಲಾಪುರದ ಸುತ್ತ ಆಗ ಬ್ಯಾರನ್‌ಗಳು ಒಂದೊಂದಾಗಿ ಏಳುತ್ತಿದ್ದವು. ರಾಗಿ, ಹುರುಳಿ ಬೆಳೆದ ಹೊಲಗಳಿಗೆ ವರ್ಜೀನಿಯಾ ಸೊಪ್ಪು ಬಂದಿತ್ತು. ಸೊಪ್ಪು ಕೊಳ್ಳುವ ಕಂಪನಿಯವರು ಪ್ರತಿ ಬ್ಯಾರನ್ನಿಗೂ ಒಂದು ಥರ್ಮಾಮೀಟರ್ ಕೊಟ್ಟಿದ್ದರು. ಮಾವ ನಮ್ಮದನ್ನು ಹೊರಗಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ಒಳಗೆ ಯಾಕೆ ಹಾಕಲಿಲ್ಲವೆಂದು ಕಂಪನಿಯವನು ಕೇಳಿದ್ದಕ್ಕೆ, "ಅದ್ಕೆ ಶೆಕೆ ಆಯ್ತದಲ್ಲ ಸಾಮಿ" ಎಂದಿದ್ದರಂತೆ.

ಕೆಲಸ ಸುಲಭದ್ದಲ್ಲ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕುತ್ತಾರೆ. ಮೊದಲು ಸಣ್ಣ ಕಾವು ಕೊಟ್ಟು ಹಸಿರು ಹಳದಿಯಾಗುವವರೆಗೆ ಕಾಯಬೇಕು. ಹಳದಿ ಕೂತ ಗಳಿಗೆಯಲ್ಲಿ ಕಾವು ಏರಿಸಿ ಆ ಬಣ್ಣವನ್ನು ಅಲ್ಲೇ ನಿಲ್ಲಿಸಬೇಕು. ಅವಸರ ಮಾಡಿದರೆ ಸೊಪ್ಪು ಸುಡುತ್ತದೆ. ತಡ ಮಾಡಿದರೆ ಕಂದುತ್ತದೆ. ಆ ಗಳಿಗೆಯನ್ನು ಹಿಡಿಯುವುದಕ್ಕೆ ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಜನ ನಮ್ಮ ಮಾವನನ್ನು ಕರೆಯುತ್ತಿದ್ದರು. ಅವರು ಹೆಗಲಿಗೆ ಟವಲು ಹಾಕಿಕೊಂಡು, ಬೀಡಿ ಹಚ್ಚಿಕೊಂಡು, ಹೆಣ್ಣು ನೋಡಲು ಹೊರಟವರ ಹಾಗೆ ಹೋಗುವರು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ನನ್ನ ಗಂಡ ಚಿಕ್ಕಮಾದು ತೀರಿಕೊಂಡರು. ಹೃದಯಾಘಾತ. ಮೂವತ್ತಮೂರು ವಯಸ್ಸು. ಹುಣಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡಿದವಳು. ಅವರ ಜಾಗವನ್ನು ನನಗೇ ಕೊಟ್ಟರು. ಮಾವ, ಅತ್ತೆ ಸಣ್ಣತಾಯಮ್ಮನವರು, ನಾನು, ಮೂವರೇ ಮನೆಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಪಾಠ ಚೆನ್ನಾಗಿಯೇ ಮಾಡುತ್ತಿದ್ದೆ. ಊಟ ಬಿಸಿಯಿದೆಯೋ ತಣ್ಣಗಿದೆಯೋ ಎಂದು ಅತ್ತೆ ಕೇಳಿದರೆ ಯೋಚಿಸಿ ಉತ್ತರ ಹೇಳಬೇಕಾಗುತ್ತಿತ್ತು.

ಮಗ ಅಷ್ಟು ಚಿಕ್ಕ ವಯಸ್ಸಿಗೆ ಹೋದದ್ದರಿಂದ ತಂದೆಯ ರಕ್ತವನ್ನೂ ನೋಡೋಣ ಎಂದರು ಹುಣಸೂರಿನ ಡಾಕ್ಟರು. ರಕ್ತ ಮೈಸೂರಿಗೆ ಹೋಯಿತು. ಕೊಲೆಸ್ಟ್ರಾಲ್ ಮುನ್ನೂರು ದಾಟಿತ್ತು. ಡಾಕ್ಟರು ಬೀಡಿ ಬಿಡಿ ಎಂದರು. ಮಾವ ನಕ್ಕರು. ತುಪ್ಪ, ಮಾಂಸದ ಕೊಬ್ಬು ಕಡಿಮೆ ಮಾಡಿ ಎಂದರು. ಮಾವ ಅತ್ತೆಯ ಮುಖ ನೋಡಿದರು. ಕೊನೆಗೆ ಎಪ್ಪತ್ತಾರರಲ್ಲಿ ಮತ್ತೊಮ್ಮೆ ರಕ್ತ ನೋಡಿ, ನಿಕೋಟಿನಿಕ್ ಆಮ್ಲದ ಮಾತ್ರೆ ಬರೆದುಕೊಟ್ಟರು. ನಯಾಸಿನ್ ಎಂದೂ ಅದನ್ನು ಕರೆಯುತ್ತಾರೆ. ಮೊದಲು ಸ್ವಲ್ಪ, ತಿಂಗಳು ಕಳೆದಂತೆ ಹೆಚ್ಚು. ದಿನಕ್ಕೆ ಮೂರು ಹೊತ್ತು, ಊಟವಾದ ಮೇಲೆ.

"ಇದು ವಿಟಮಿನ್ ಅಲ್ಲವಾ ಡಾಕ್ಟ್ರೇ?" ಎಂದು ಕೇಳಿದೆ.

"ಕಾಳಿನಲ್ಲಿ ಇರುವಷ್ಟು ತಿಂದರೆ ವಿಟಮಿನ್. ಇಷ್ಟು ತಿಂದರೆ ಔಷಧಿ," ಎಂದರು.

ಮಾತ್ರೆಯ ಜವಾಬ್ದಾರಿ ನನ್ನದಾಯಿತು. ಬೆಳಗಿನದನ್ನು ಕಾಫಿ ಲೋಟದ ಪಕ್ಕ ಇಟ್ಟು ಬಸ್ಸಿಗೆ ಹೋಗುತ್ತಿದ್ದೆ. ಮಧ್ಯಾಹ್ನದ್ದನ್ನು ಅತ್ತೆ ಕೊಡುತ್ತಿದ್ದರು, ರಾತ್ರಿಯದನ್ನು ನಾನೇ. ಮಾವ ಒಂದು ದಿನವೂ ತಪ್ಪಿಸಲಿಲ್ಲ. "ಡಾಕ್ಟ್ರಿಗೋಸ್ಕರ ಅಲ್ಲ ಕಣವ್ವ, ನಿಂಗೋಸ್ಕರ ತಿಂತಿವ್ನಿ," ಎನ್ನುವರು. ನಾನು ತಲೆಯಾಡಿಸುತ್ತಿದ್ದೆ.

ಆ ವರ್ಷ ಸೊಪ್ಪು ಮುರಿಯುವುದು ಶುರುವಾದಾಗ ಮಾತ್ರೆಯೂ ಪೂರ್ತಿ ಪ್ರಮಾಣಕ್ಕೆ ಬಂದಿತ್ತು. ಮೊದಲ ಬೇಯ್ತ, ಅಂದರೆ ಮೊದಲ ಸಲ ಬ್ಯಾರನ್ ತುಂಬಿ ಬೇಯಿಸಿದ್ದು, ಪಕ್ಕದ ಹೊಲದ ದಾಸಯ್ಯನವರದು. ಮಾವನೇ ಬೇಯಿಸಿದರು. ಬ್ಯಾರನ್ ತೆರೆದಾಗ ಸೊಪ್ಪು ಕಂದಿಹೋಗಿತ್ತು. ಹಿಂದೆ ಹೀಗೆ ಆದದ್ದೇ ಇಲ್ಲ.

ಸಂಜೆ ದಾಸಯ್ಯ ಜಗಲಿಗೆ ಬಂದು ಕೂತರು. ಮಾವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಸಂಕೋಚದ ಮನುಷ್ಯ.

"ಮಾದಯ್ಯಣ್ಣ, ತಪ್ ತಿಳ್ಕಬ್ಯಾಡ. ಸೊಪ್ಪೆಲ್ಲ ಹಳೇ ಬೆಲ್ಲ ಇದ್ದಂಗೆ ಆಗೋಗದೆ."

"ಎಳೇ ಸೊಪ್ಪು. ಮಾಗಿ ಅದ ಬಂದಿರ್ನಿಲ್ಲ."

"ಅದ ಬಂದದೆ ಮುರೀರ್ಲಾ ಅಂತ ನೀನೇ ಅಲ್ವಾ ಅಂದಿದ್ದು?"

ಮಾವ ಬೀಡಿಯ ಬೂದಿ ಕೊಡವಿದರು.

"ಮುಂದಿನ್ ಬೇಯ್ತಕ್ಕೆ ಪಟ್ಣದ ಕಡೆಯಿಂದ ಒಬ್ಬನ್ನ ಕರ್ಸ್ತೀನಿ ಕಣಣ್ಣ. ಗೋಡೆ ಮೇಲಿನ ಗಾಜಿನ ಕಡ್ಡಿ ಇರ್ತದಲ್ಲ, ಅದ್ನ ನೋಡಿ ಬೇಯಿಸ್ತಾನಂತೆ. ನಿಂಗೂ ವಯಸ್ಸಾಯ್ತು, ವಸಿ ರೆಸ್ಟ್ ಬ್ಯಾಡ್ವಾ?"

"ರೆಸ್ಟು ನಿಮ್ಮಪ್ಪಂಗೆ ಕೊಡೋಗು."

ದಾಸಯ್ಯ ಎದ್ದು ಹೋದರು. ಮಾವ ಆ ರಾತ್ರಿ ಊಟ ಮಾಡಲಿಲ್ಲ. ಮಾತ್ರೆ ಮಾತ್ರ ಕೇಳಿ ತೆಗೆದುಕೊಂಡರು.

ಮುಂದಿನ ಬೇಯ್ತ ನಮ್ಮದೇ. ಅದೂ ಕೆಟ್ಟರೆ ಇನ್ನು ಯಾರೂ ಮಾವನನ್ನು ಕಿಂಡಿಯ ಹತ್ತಿರ ಕರೆಯುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಸೊಪ್ಪು ಬ್ಯಾರನ್ನಿನಲ್ಲಿ ಬೇಯುತ್ತಿದ್ದಾಗ, ಭಾನುವಾರ ಬೆಳಿಗ್ಗೆ ನಾನು ಹೊಲಕ್ಕೆ ಹೋದೆ. ಚಪ್ಪರದ ಕೆಳಗೆ ಹೆಂಗಸರು ಮುಂದಿನ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅವರಲ್ಲಿ ಕುಳ್ಳಮ್ಮ ಇದ್ದಳು. ಕೋಟೆ ಕಡೆಯ ಬೇಗೂರಿನ ಹತ್ತಿರ, ಕಾಡಿನವರ ಹಾಡಿಯವಳು. ಸೊಪ್ಪಿನ ಕಾಲಕ್ಕೆ ಗಂಡ ಮಕ್ಕಳ ಜೊತೆ ಬಂದು ನಮ್ಮ ಹೊಲದಲ್ಲೇ ಇರುತ್ತಿದ್ದಳು. ಅವಳ ಬಾಯಿಗೆ ಹೆದರದವರಿಲ್ಲ.

"ಏನವ್ವ, ನಿಮ್ಮಾವಯ್ಯ ದಿನಾ ಬೆಳಿಗ್ಗೆ ಒಲೆ ಒಳೀಕೆ ಮಕ ಇಕ್ತಾರಾ?" ಎಂದಳು. "ನೋಡೋಗು, ಮಾಗಿದ್ ತೊಂಡೆಹಣ್ಣಂಗೆ ಆಗವ್ರೆ."

ಹೆಂಗಸರು ನಕ್ಕರು.

"ದಿನಾನಾ?" ಎಂದು ಕೇಳಿದೆ.

"ದಿನಾ ಕಣವ್ವ. ಕಾಫಿ ಕುಡುದ್ರಾ, ಕೆಂಪೇರ್ತದೆ. ಪರಪರ ಅಂತ ಕತ್ತು ಕೆರ್ಕತಾರೆ. ಬಿಸ್ಲು ಏರೋ ವೊತ್ಗೆ ಇಳೀತದೆ. ಓದೊರ್ಸ ಇಂಗಿರ್ನಿಲ್ಲ."

ಬ್ಯಾರನ್ನಿನ ಹತ್ತಿರ ಹೋದೆ. ಮಾವ ಕಿಂಡಿಗೆ ಕೆನ್ನೆ ಒಡ್ಡಿ ನಿಂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿ ಟವಲಿನಿಂದ ಒರೆಸಿಕೊಂಡರು. ಕಿವಿ, ಕತ್ತು, ಎದೆಯ ಮೇಲ್ಭಾಗ, ಎಲ್ಲಾ ಕೆಂಪು. ಕಾಫಿಯ ಚೊಂಬು ಕಲ್ಲಿನ ಮೇಲಿತ್ತು, ಇನ್ನೂ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಮಾತ್ರೆಯ ಪೊಟ್ಟಣ ಖಾಲಿಯಾಗಿತ್ತು.

"ತಿಂಡಿ ತಿಂದಿರಾ ಮಾವ?"

"ಮದ್ದು ತಗಳ್ಳಾಗ ಯಾವನವ್ವಾ ತಿಂಡಿ ತಿಂತಾನೆ. ಖಾಲಿ ಒಟ್ಟೇಗೆ ಬಿಸಿಬಿಸಿದ್ರ ಜೊತೆಗೆ ತಗಂಡ್ರೆ ಚೆಂದಾಗಿ ಇಡೀತದೆ."

ನಮ್ಮ ಕಡೆ ಕಷಾಯವನ್ನು ಕುಡಿಯುವುದು ಹಾಗೆ. ಊಟವಾದ ಮೇಲೆ ಎಂದು ಡಾಕ್ಟರು ಹೇಳಿದ್ದನ್ನು ಅವರು ಪಟ್ಟಣದವರಿಗೆ ಹೇಳುವ ಮಾತು ಎಂದುಕೊಂಡಿದ್ದರು.

"ಒಳಗೆ ಈಗ ಕಾವು ಎಷ್ಟಿದೆ?"

"ನೂರಿಪ್ಪತ್ತರ ಮೇಲದೆ. ಅದಕ್ಕೇ ಬೆಂಕಿ ಆಚೆಗೆಳಿಸಿವ್ನಿ."

ಗೋಡೆಯ ಮೇಲಿದ್ದ ಥರ್ಮಾಮೀಟರನ್ನು ತೆಗೆದು, ಸೊಪ್ಪು ಕಟ್ಟುವ ಹುರಿಗೆ ಕಟ್ಟಿ, ಕಿಂಡಿಯಿಂದ ಒಳಗೆ ಬಿಟ್ಟೆ. ಮಾವ ಬೇಡವೆನ್ನಲಿಲ್ಲ. ನೋಡಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ನೂರ ಐದು ಡಿಗ್ರಿ ಫ್ಯಾರನ್‌ಹೀಟ್.

"ಗಾಜು ಕೆಟ್ಟೋಗದೆ," ಎಂದರು.

ನಾನು ಕಿಂಡಿಗೆ ಕೆನ್ನೆ ಇಟ್ಟೆ. ಉಗುರುಬೆಚ್ಚಗೆ ಏನೋ ತಾಕಿದ ಹಾಗಾಯಿತು. ನನ್ನ ಕೆನ್ನೆಯನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ. ಕುಳ್ಳಮ್ಮನನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದು ಮುಖ ಒಡ್ಡಿದಳು.

"ಥೂ, ಇದ್ಯಾವ ಬಿಸಿ? ಕೂಸಿಗೆ ನೀರಾಕಕ್ಕೂ ಸಾಲಲ್ಲ," ಎಂದು ಹೇಳಿ ಹೋದಳು.

ಮಾವ ಕಲ್ಲಿನ ಮೇಲೆ ಕೂತರು.

"ಅಂಗಾರೆ ಓಯ್ತು ಅನ್ನು," ಎಂದರು. "ನಂಗೂ ಅನ್ಸಿತ್ತು. ಅವ್ನ ಜೊತೆಗೇ ಇದೂ ಓಯ್ತು."

ಎರಡು ವರ್ಷದಲ್ಲಿ ಮಗನ ವಿಷಯವಾಗಿ ಅವರು ನನ್ನೆದುರು ಆಡಿದ ಮೊದಲ ಮಾತು ಅದು. ಅವರು ಆ ಉರಿಯನ್ನು, ತುರಿಕೆಯನ್ನು ಯಾರಿಗೂ ಹೇಳದೆ ದಿನವೂ ನುಂಗಿದ್ದರು. ಹೇಳಿದರೆ ಸೊಸೆ ಹೆದರುತ್ತಾಳೆ ಎಂದು. ಅದು ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಆದರೆ ಹೇಳಬೇಕಾದ್ದು ಬೇರೆ ಇತ್ತು.

"ಎಲ್ಲೂ ಹೋಗಿಲ್ಲ ಮಾವ. ಈ ಶಾಖ ಮಾತ್ರೆಯದು. ಚರ್ಮದ ಕೆಳಗೆ ಸಣ್ಣ ಸಣ್ಣ ರಕ್ತನಾಳ ಇರುತ್ತವೆ. ಈ ಔಷಧಿ ಅವನ್ನು ಹಿಗ್ಗಿಸುತ್ತದೆ. ರಕ್ತ ನುಗ್ಗಿ ಮುಖ ಉರಿಯುತ್ತದೆ. ಖಾಲಿ ಹೊಟ್ಟೆಗೆ, ಬಿಸಿ ಕಾಫಿ ಜೊತೆ ತೆಗೆದುಕೊಂಡರೆ ಇನ್ನೂ ಜಾಸ್ತಿ. ಮೊದಲೇ ಉರಿಯುವ ಕೆನ್ನೆಯನ್ನು ತಂದು ಕಿಂಡಿಗೆ ಇಡುತ್ತಿದ್ದೀರಿ. ಅದಕ್ಕೇ ಬೆಂಕಿ ಹೆಚ್ಚಾಯಿತು ಅನ್ನಿಸುತ್ತಿದೆ."

"ಉರುದ್ರೆ ಮದ್ದು ಇಡೀತಾ ಅದೆ ಅಂತಲ್ವಾ?"

"ಅಲ್ಲ."

"ಅಂದ್ರೆ ಕೆನ್ನೆ ಓಗಿಲ್ಲ."

"ಇಲ್ಲ."

ಅವರು ಎದ್ದು ನಿಂತರು. ಪಂಚೆ ಕೊಡವಿ ಬಿಗಿಯಾಗಿ ಕಟ್ಟಿಕೊಂಡರು.

"ಒಲೆಗೆ ತುಂಬ್ರಲಾ," ಎಂದು ಕೂಗಿದರು. ನನ್ನ ಕಡೆ ತಿರುಗಿ, "ಈ ಒಂದ್ ಬೇಯ್ತಕ್ಕೆ ಮಾತ್ರ ನೀನು ಗಾಜು ನೋಡ್ಕಂಡು ಎಷ್ಟು ಅಂತ ಏಳು. ನಾನಂತೂ ನೋಡಕ್ಕಿಲ್ಲ," ಎಂದರು.

ರಜೆ ಹಾಕಿ ನಾನು ಅಂಕಿ ಹೇಳಿದೆ. ಅವರು ಬೆಂಕಿ ನಡೆಸಿದರು. ಅಂಚಿನಲ್ಲಿ ಒಂದಿಷ್ಟು ಕಂದಿದ್ದು ಬಿಟ್ಟರೆ ಸೊಪ್ಪು ಉಳಿಯಿತು.

ಅಂದಿನಿಂದ ಮಾತ್ರೆಯನ್ನು ತಿಂಡಿಯ ಮೇಲೆ, ತಣ್ಣೀರಿನ ಜೊತೆ ಕೊಟ್ಟೆ. ಕೆಂಪು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ಅತ್ತೆ ಒಂದು ಮಾತು ಹೇಳಿದರು. "ಅದೇನೋ ದಾವು ಕಣವ್ವ ಇವ್ರಿಗೆ. ಚೊಂಬ್ಗಟ್ಲೆ ನೀರು ಕುಡೀತಾರೆ. ಎದ್ದೆದ್ದು ಆಚೆಗೋಯ್ತಾರೆ."

ಅದು ಸಕ್ಕರೆ ಕಾಯಿಲೆಯ ಲಕ್ಷಣವೆಂದು ನನಗೆ ಗೊತ್ತಿತ್ತು; ಇದೂ ಮಾತ್ರೆಯದೇ ಇರಬಹುದೇ ಎಂದು ಅನುಮಾನ ಬಂತು.

ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ನನ್ನ ಸಹಪಾಠಿಯೊಬ್ಬಳು ಕೆಲಸಕ್ಕಿದ್ದಳು. ಶನಿವಾರ ಹೋಗಿ ಅವಳ ಜೊತೆ ಗ್ರಂಥಾಲಯದಲ್ಲಿ ಕೂತೆ. ಹಿಂದಿನ ವರ್ಷದ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೇಕಾದದ್ದು ಸಿಕ್ಕಿತು. ಒಮ್ಮೆ ಹೃದಯಾಘಾತವಾಗಿ ಬದುಕಿದ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ನೋಡಿದ್ದರು. ಈ ಮಾತ್ರೆ ತಿಂದವರಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಕೊಲ್ಲದೆ ಬಿಟ್ಟ ಎರಡನೆಯ ಆಘಾತಗಳು ಸ್ವಲ್ಪ ಕಡಿಮೆಯಾಗಿದ್ದವು. ಆದರೆ ಸಾವು ಕಡಿಮೆಯಾಗಿರಲಿಲ್ಲ. ಹೋಲಿಸಿ ನೋಡಲೆಂದು ಕೊಟ್ಟ, ಔಷಧಿಯಿಲ್ಲದ ಸುಣ್ಣದಂಥ ಬರೀ ಮಾತ್ರೆ ತಿಂದವರು ಎಷ್ಟು ಮಂದಿ ಸತ್ತರೋ ಹೆಚ್ಚುಕಡಿಮೆ ಅಷ್ಟೇ ಪಾಲು ಇವರೂ. ಮೇಲೆ ಮುಖದ ಉರಿ, ತುರಿಕೆ, ಹೊಟ್ಟೆಯ ತೊಂದರೆ, ಕೀಲುಬಾವು, ಎದೆಬಡಿತದ ಏರುಪೇರು. ರಕ್ತದಲ್ಲಿ ಸಕ್ಕರೆ ಏರುವುದು. ಹಿಂದೆ ಆಘಾತವೇ ಆಗದಿದ್ದವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಎರಡು ಸಲ ಓದಿದೆ. ಸಾವಿನ ಸಾಲನ್ನು ಮೂರನೆಯ ಸಲ.

ಸೋಮವಾರ ಮಾವ, ಅತ್ತೆ ಇಬ್ಬರನ್ನೂ ಕರೆದುಕೊಂಡು ಹುಣಸೂರಿಗೆ ಹೋದೆ. ಡಾಕ್ಟರ ಕೋಣೆಯಲ್ಲಿ ಸ್ಪಿರಿಟ್ ದೀಪವಿತ್ತು, ಮೂತ್ರದ ಸಕ್ಕರೆ ತೋರಿಸುವ ಬೆನೆಡಿಕ್ಟ್ ದ್ರಾವಣವಿತ್ತು. "ನೀವೇ ಮಾಡಿ," ಎಂದರು ನನಗೆ. ನೀಲಿ ದ್ರಾವಣಕ್ಕೆ ಮಾವನ ಮೂತ್ರದ ಹನಿಗಳನ್ನು ಹಾಕಿ ಕಾಯಿಸಿದೆ. ತರಗತಿಯಲ್ಲಿ ಮಕ್ಕಳಿಗೆ ಎಷ್ಟೋ ಸಲ ತೋರಿಸಿದ ಪರೀಕ್ಷೆ. ನೀಲಿ ಹಸಿರಾಯಿತು, ಹಸಿರು ಹಳದಿಯ ಕಡೆ ತಿರುಗಿತು.

"ಸೊಪ್ಪು ಬೆಂದಂಗೆ ಬೇಯ್ತಾ ಅದಲ್ಲ," ಎಂದರು ಮಾವ, ನಳಿಕೆಯನ್ನು ನೋಡುತ್ತ.

ಡಾಕ್ಟರು ನಗಲಿಲ್ಲ. ಮಾತ್ರೆ ಶುರು ಮಾಡುವ ಮೊದಲು ಸಕ್ಕರೆ ಇರಲಿಲ್ಲ ಎಂದರು. ನಾನು ಓದಿ ಬಂದದ್ದನ್ನು ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಕೊಲೆಸ್ಟ್ರಾಲ್ ಇಳಿದಿದೆ, ಅದು ನಿಜ," ಎಂದರು. "ಕಾಗದದ ಮೇಲಿನ ಅಂಕಿ ಇಳಿಯಿತು. ಆಯಸ್ಸು ಏರುತ್ತದೆಯೇ ಎಂದರೆ, ಇವರಂಥವರಿಗೆ ಯಾರೂ ತೋರಿಸಿಲ್ಲ. ಸಕ್ಕರೆಯನ್ನಂತೂ ಕಣ್ಣಾರೆ ನೋಡುತ್ತಿದ್ದೇವೆ. ನಿಲ್ಲಿಸುವುದು ಮೇಲು ಅಂತ ನನಗೆ ಅನ್ನಿಸುತ್ತದೆ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಒಬ್ಬನ್ನ ಕಳ್ಕಂಡಿವ್ನಿ ಸಾಮಿ. ಮಾತ್ರೆ ಬುಟ್ರೆ ಇವ್ರಿಗೇನೂ ಆಗಲ್ಲ ಅಂತ ಬರ್ಕೊಡ್ತೀರಾ?"

"ಬರೆದುಕೊಡಲಾರೆ ತಾಯಿ. ತಿಂದರೆ ಏನೂ ಆಗಲ್ಲ ಅಂತಲೂ ಬರೆದುಕೊಡಲಾರೆ."

ಅತ್ತೆ ನನ್ನನ್ನು ನೋಡಿದರು. ಮಾವನೂ ನೋಡಿದರು. "ನೀನೇಳವ್ವ. ನೀನೇಳಿದ್ದೇ ನಂಗೆ."

ಆ ಮಾತ್ರೆ ಎಣಿಸಿ ಇಡುವಾಗ ನನ್ನ ಕೈಗೆ ಒಂದು ಕೆಲಸ ಇರುತ್ತಿತ್ತು. ಅವರ ಮಗನಿಗೆ ಏನನ್ನೂ ಕೊಡಲು ಸಮಯ ಸಿಕ್ಕಿರಲಿಲ್ಲ. ಈ ಕೆಲಸವನ್ನೂ ಬಿಟ್ಟರೆ ಬೆಳಿಗ್ಗೆ ಲೋಟದ ಪಕ್ಕ ಇಡುವುದಕ್ಕೆ ನನ್ನ ಹತ್ತಿರ ಏನೂ ಇರುವುದಿಲ್ಲ.

"ಮಾತ್ರೆ ಬಿಡಿ ಮಾವ," ಎಂದೆ. "ಬೀಡಿಯನ್ನೂ ಬಿಡಿ. ಎದೆಗೆ ಅದು ಕೆಟ್ಟದ್ದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ."

ಮಾವನ ಹುಬ್ಬು ಗಂಟಿಕ್ಕಿತು. "ಸೊಪ್ಪು ಬೇಯಿಸೋನು ಬೀಡಿ ಬುಡು ಅಂದ್ರೆ, ಅಡಿಗೆಯೋನಿಗೆ ರುಚಿ ನೋಡ್ಬ್ಯಾಡ ಅಂದಂಗೆ."

"ನಿಮಗೆ ಕೆನ್ನೆ ಇದೆಯಲ್ಲ. ನಾಲಿಗೆ ಯಾಕೆ?"

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಮೀಸೆಯ ಕೆಳಗೆ ನಗು ಬಂತು. ಅಂಗಿಯ ಜೇಬಿನಿಂದ ಬೀಡಿ ಕಟ್ಟನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು. ಬೆಂಕಿಪೊಟ್ಟಣವನ್ನೂ ಅದರ ಮೇಲಿಟ್ಟರು.

"ಒಂದ್ ಕಡ್ಡಿ ಬೀಡೀಗೆ ಈ ದೊಡ್ಡಮಾದಯ್ಯ ತಲೆ ಬಾಗ್ಸಿದ ಅಂತ ಆಗ್ಬಾರ್ದು. ಮಡಿಕಳಿ ಸಾಮಿ."

"ನಾನೂ ಸೇದುತ್ತೇನೆ ಮಾದಯ್ಯನವರೇ. ಕಷ್ಟಕ್ಕೆ ಸಿಕ್ಕಿಸಿದಿರಿ," ಎಂದರು ಡಾಕ್ಟರು.

"ಅಂಗಾದ್ರೆ ನಿಮ್ದೂ ಯಾರಿಗಾನ ಕೊಟ್ಬುಡಿ," ಎಂದು ಹೇಳಿ ಮಾವ ಎದ್ದರು. ಬಸ್ ಸ್ಟ್ಯಾಂಡಿನವರೆಗೆ ನಮ್ಮಿಬ್ಬರಿಗಿಂತ ಮುಂದೆ ನಡೆದರು.

ಮೊದಲ ವಾರ ಮನೆಯಲ್ಲಿ ಯಾರೂ ಅವರ ಹತ್ತಿರ ಸುಳಿಯಲಿಲ್ಲ. ಎತ್ತಿಗೂ ಬೈಗುಳ, ಬಾಗಿಲಿಗೂ ಬೈಗುಳ. ಬೆರಳುಗಳ ನಡುವೆ ಬೀಡಿಯ ಬದಲು ಸೊಪ್ಪಿನ ದಂಟು ಇಟ್ಟುಕೊಂಡು ತಿರುಗುತ್ತಿದ್ದರು. ಅತ್ತೆ ಕೇಳದೆಯೇ ತುಪ್ಪದ ಗಡಿಗೆಯನ್ನು ಅಟ್ಟಕ್ಕೆ ಏರಿಸಿದರು. ಮಾವ ನೋಡಿಯೂ ನೋಡದಂತೆ ಇದ್ದರು. ಕೆಂಪು ಇಳಿದುಹೋಯಿತು. ಬಾಯಾರಿಕೆ ನಿಂತಿತು. ಮತ್ತೊಮ್ಮೆ ನಳಿಕೆ ಕಾಯಿಸಿದಾಗ ದ್ರಾವಣ ನೀಲಿಯಾಗಿಯೇ ಉಳಿಯಿತು. ಕೊಲೆಸ್ಟ್ರಾಲ್ ಪುನಃ ಏರಿತ್ತು, ಮೊದಲಿನಷ್ಟಲ್ಲ. ಅದನ್ನೂ ಅವರಿಗೆ ಇದ್ದಹಾಗೇ ಹೇಳಿದೆ. "ಇರ್ಲಿ ಬುಡು," ಎಂದರು.

ಸೊಪ್ಪಿನ ಕೊನೆಯ ಬೇಯ್ತಕ್ಕೆ ದಾಸಯ್ಯ ನಮ್ಮ ಬ್ಯಾರನ್ನಿನ ಹತ್ತಿರ ಬಂದರು. ಕಡ್ಡಿ ನೋಡಿ ಬೇಯಿಸುವವನು ಅವರ ಸೊಪ್ಪನ್ನು ಚೆನ್ನಾಗಿಯೇ ಬೇಯಿಸಿದ್ದ. ಅದನ್ನು ಹೇಳಲೋ ಬೇಡವೋ ಎಂದು ನಿಂತಿದ್ದರು.

"ಬಾ ದಾಸ," ಎಂದರು ಮಾವ. "ಗೋಡೆ ಮೇಲಿರೋದ್ನ ತಗಂಡು ಒಳೀಕೆ ಬುಡು. ನಾನು ನೋಡಕ್ಕಿಲ್ಲ, ಅತ್ಲಾಗೆ ತಿರೀಕತೀನಿ."

ಚಪ್ಪರದ ಹೆಂಗಸರು ಕೈ ನಿಲ್ಲಿಸಿದರು. ದಾಸಯ್ಯ ಥರ್ಮಾಮೀಟರನ್ನು ಒಳಗೆ ಬಿಟ್ಟರು. ಮಾವ ಕಿಂಡಿಗೆ ಎಡಗೆನ್ನೆ ಒಡ್ಡಿ ಕಣ್ಣು ಮುಚ್ಚಿದರು. ಮುಖ ಅದರ ಬಣ್ಣದಲ್ಲೇ ಇತ್ತು, ರಾಗಿಯ ಬಣ್ಣ.

"ನೂರಿಪ್ಪತ್ತು," ಎಂದರು.

ದಾಸಯ್ಯ ಎಳೆದು ನೋಡಿದರು. "ನೂರ್ ಅದ್ನಾರು ಕಣಣ್ಣ."

"ಅದ್ಯಾಕೆ ಅಷ್ಟ್ ಬೇಗ ಎಳ್ದೆ? ಗಾಜಿಗೆ ವೊತ್ತು ಬೇಕು. ತಿರ್ಗ ಬುಡು."

ಪುನಃ ಬಿಟ್ಟರು. ಕಾದರು. ಕುಳ್ಳಮ್ಮ ಎದ್ದು ಬಂದು ದಾಸಯ್ಯನವರ ಹೆಗಲ ಹಿಂದೆ ನಿಂತಳು. ಈ ಸಲ ದಾಸಯ್ಯ ಎಳೆದು ನೋಡಿದರು. ಥರ್ಮಾಮೀಟರನ್ನು ನನ್ನ ಕೈಗೆ ಕೊಟ್ಟರು.

ನಾನು ಓದಿದೆ. "ನೂರ ಇಪ್ಪತ್ತು."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಬರೋ ಒರ್ಸ ನಮ್ದನ್ನೂ ನೋಡ್ಕೊಡಣ್ಣ," ಎಂದರು ದಾಸಯ್ಯ.

"ನಿನ್ನ ಕಡ್ಡಿಯೋನ್ನ ಏನ್ ಮಾಡ್ತೀಯ?"

"ಅವ್ನೂ ಇರ್ಲಿ."

"ಇರ್ಲಿ, ಇರ್ಲಿ. ಗಾಜಿಗೂ ಒಬ್ಬ ಜೊತೆಗಾರ ಬೇಕಲ್ಲ," ಎಂದರು ಮಾವ. ಆಮೇಲೆ ನನ್ನ ಕಡೆ ನೋಡಿ, "ಬಾವ್ವ, ನೀನೂ ಇಡು," ಎಂದರು.

"ಸೊಸೇಗಾ ಕಲ್ಸಾದು?" ದಾಸಯ್ಯ ಕೇಳಿದರು. "ಎಮ್ಮೆಸ್ಸಿ ಓದಿರೋರ್ಗೆ ಇದ್ಯಾಕಣ್ಣ?"

"ಕೆನ್ನೆ ಓಗಿಲ್ಲ ಅಂತ ಕಂಡಿಡ್ದೋಳು ಅವ್ಳು ಕಣ್ಲಾ. ಅವ್ಳಿಗಲ್ದೆ ನಿಂಗೆ ಕಲ್ಸಾಣ?"

ನಾನು ಸೆರಗನ್ನು ಹಿಂದಕ್ಕೆ ಸಿಕ್ಕಿಸಿ ಕಿಂಡಿಗೆ ಎಡಗೆನ್ನೆ ಒಡ್ಡಿದೆ. ಕಣ್ಣು ಮುಚ್ಚಿದೆ. ಬಿಸಿ ತಾಕಿತು. ಉಗುರುಬೆಚ್ಚಗಲ್ಲ, ಬಿಸಿ. ಮಾಗಿದ ಸೊಪ್ಪಿನ ಸಿಹಿ ವಾಸನೆಯ ಜೊತೆ ಕೆನ್ನೆಯ ಮೂಳೆಯವರೆಗೆ ಇಳಿಯಿತು. ಸ್ವಲ್ಪ ಹೊತ್ತು ಹಾಗೇ ನಿಂತೆ. ಯಾರೂ ಅವಸರ ಮಾಡಲಿಲ್ಲ.

"ಎಷ್ಟು?" ಎಂದರು ಮಾವ.

ಅಷ್ಟರಲ್ಲಿ ಒಲೆಗೆ ಹೊಸ ಕೊಳ್ಳಿ ಬಿದ್ದಿತ್ತು. ಕಾವು ಏರಿರಬೇಕೆಂದು, "ನೂರ ಮೂವತ್ತು" ಎಂದೆ.

ಮಾವ ತಾವೂ ಕೆನ್ನೆ ಒಡ್ಡಿ ನೋಡಿ, "ನೂರಿಪ್ಪತ್ಮೂರು," ಎಂದರು. "ಕೆನ್ನೆಗೂ ನಿಂಗೂ ನಡ್ವೆ ಓದಿದ್ದು ಬಂತು. ಇನ್ನೊಂದ್ ಕಿತ ಇಡು."